ಬೂಟು ಕಚ್ಚಿದ ಕಾಲು, ಆಕಾಶದಿಂದ ಬಿದ್ದ ಹುಳ

"ಏ, ಎಳೀಬ್ಯಾಡೋ ಭಾಡ್ಯಾ! ಹರೀತೈತಿ! ಸುತ್ತೋ, ಮೆಲ್ಲಕ ಸುತ್ತು!"

ಕತ್ತಲು ಮಾಡಿದ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಎದ್ದು ನಿಂತು ಹೀಗೆ ಕೂಗಿದಳು. ಬೈಸಿಕೊಂಡವನು ಸಣ್ಣ ಮನುಷ್ಯನಲ್ಲ. ಬಿಳಿ ಕೋಟಿನ ದೊಡ್ಡ ಡಾಕ್ಟರು. ದೂರದ ದೇಶದವನು. ಕಲರ್ ಟೀವಿಯ ಒಳಗಿದ್ದ. ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಅವನು ಮುದುಕಿಯ ಮಾತು ಕೇಳಲಿಲ್ಲ. ರೋಗಿಯ ಕಾಲಿನಿಂದ ಇಣುಕಿದ್ದ ಹುಳಕ್ಕೆ ಇಕ್ಕಳ ಹಾಕಿ ಎಳೆದೇಬಿಟ್ಟ. ಹುಳ ಹರಿಯಿತು. ರೋಗಿ ಸತ್ತ.

"ನಾ ಹೇಳಿದ್ನೋ ಇಲ್ಲೋ?" ಎಂದು ಮುದುಕಿ ಕೂತಳು.

ಇದು ಹೋದ ವರ್ಷದ ಮಾತು. ಹೋದ ವರ್ಷದ್ದನ್ನು ಈಗೇಕೆ ಹೇಳುತ್ತೀರಿ ಮಾಸ್ತರೆ ಎಂದು ನೀವು ಕೇಳಬಹುದು. ಕಾರಣ ಇದೆ. ಒಂದು ವರ್ಷ ನಾನು ಬಾಯಿ ಮುಚ್ಚಿಕೊಂಡು ಕಾಯಬೇಕಾಗಿತ್ತು. ಕಾದೆ. ಹೋದ ರವಿವಾರ ಕಾಯುವುದು ಮುಗಿಯಿತು. ಎಷ್ಟೋ ದಿನಗಳ ಮೇಲೆ ಹಗುರಾದ ಮನಸ್ಸಿನಿಂದ ಕೂತು ಈ ಅಂಕಣ ಬರೆಯುತ್ತಿದ್ದೇನೆ.

ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮಾಸ್ತರ ಎನ್ನುವುದು ನಿಮಗೆ ಗೊತ್ತೇ ಇದೆ. ನನ್ನ ಹೆಂಡತಿ ಗಿರಿಜೆಯ ತವರು ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲು ನಡೆದರೆ ಸಿಗುವ ಹಳ್ಳಿ. (ಹೆಸರು ಬೇಡ. ಬರೆದರೆ ತವರಿನವರು ಬಿಟ್ಟರೂ ಹೆಂಡತಿ ಬಿಡುವುದಿಲ್ಲ.) ವರ್ಷಕ್ಕೊಮ್ಮೆ ಸೀತನಿ ಕಾಲಕ್ಕೆ, ಅಂದರೆ ಹಿಂಗಾರಿ ಜೋಳ ಹಾಲುಗಟ್ಟಿ, ಎಳೆ ತೆನೆ ಸುಟ್ಟು ತಿನ್ನುವ ಹೊತ್ತಿಗೆ, ನಾವು ಅಲ್ಲಿಗೆ ಹೋಗುವುದು ವಾಡಿಕೆ.

ಹೋದ ವರ್ಷ ಅದೇ ವಾರ ಗಿರಿಜೆಯ ತಮ್ಮ ಈರಣ್ಣನ ಕೂಸಿಗೆ ತೊಟ್ಟಿಲು ಕಾರ್ಯವೂ ಇತ್ತು. ಆ ಸಡಗರಕ್ಕೆ ಅವನು ಸವಣೂರಿನಿಂದ ಟೀವಿ ಮತ್ತು ವೀಡಿಯೋ ಬಾಡಿಗೆಗೆ ತರಿಸಿದ್ದ. ಚಕ್ಕಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಗಾದಿ, ಗಾದಿಯ ಮೇಲೆ ಟೀವಿ. ಹೊಸ ಸೊಸೆ ಕೂಡ ಆ ಊರಿಗೆ ಅಷ್ಟು ಜೋಪಾನವಾಗಿ ಬಂದಿರಲಿಕ್ಕಿಲ್ಲ. ರಾತ್ರಿ ಕರೆಂಟಿನ ಖಾತ್ರಿ ಇಲ್ಲದ್ದರಿಂದ ಮಟಮಟ ಮಧ್ಯಾಹ್ನವೇ ಆಟ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಅರ್ಧ ಊರು ಪಡಸಾಲೆಯಲ್ಲಿತ್ತು.

ಕ್ಯಾಸೆಟ್ ಮೂರು. ಒಂದು ದೇವರದು. ಒಂದು ಹೊಡೆದಾಟದ್ದು. ಮೂರನೆಯದು ಅಂಗಡಿಯವನು ತಾನಾಗಿಯೇ ಸೇರಿಸಿ ಕಳಿಸಿದ ಇಂಗ್ಲಿಷ್ ಚಿತ್ರ. ಮೊದಲಿನ ಎರಡು ಮುಗಿದ ಮೇಲೆ ಅದನ್ನು ವಾಪಸು ಕಳಿಸಿಬಿಡಬಹುದಿತ್ತು. ಬಾಡಿಗೆ ಕೊಟ್ಟ ಮೇಲೆ ನಮ್ಮ ಮಂದಿ ಬಿಡುತ್ತಾರೆಯೇ?

"ಮಾಮಾರ, ನೀವು ಅದೀರೆಲ್ಲ. ಅವರು ಅಂದದ್ದನ್ನ ನಮಗ ಹೇಳ್ಕೋತ ಹೋಗ್ರಿ," ಎಂದ ಈರಣ್ಣ.

ಅಳಿಯನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಏನು ಬೇಕು? ಟೀವಿಯ ಪಕ್ಕದಲ್ಲೇ ನನಗೊಂದು ಕುರ್ಚಿ ಬಂತು. ಅವರೆಲ್ಲ ಟೀವಿ ನೋಡಬೇಕು, ನಾನು ಟೀವಿಯನ್ನೂ ಅವರನ್ನೂ ನೋಡಬೇಕು. ಗಂಟಲು ಸರಿ ಮಾಡಿಕೊಂಡೆ.

ನಿಜ ಹೇಳಬೇಕೆಂದರೆ ಒಳಗೊಳಗೆ ನನಗೆ ಖುಷಿಯೇ ಆಗಿತ್ತು. ಹುಳದ ಚಿತ್ರಗಳೆಂದರೆ ನನಗೆ ಹಳೆಯ ಹುಚ್ಚು. ಎಪ್ಪತ್ತರ ದಶಕದಲ್ಲಿ ಧಾರವಾಡದಲ್ಲಿ ಬಿ.ಎ. ಓದುವಾಗ ರವಿವಾರ ಬೆಳಗಿನ ಇಂಗ್ಲಿಷ್ ಆಟ ನೋಡಲು ಹುಬ್ಬಳ್ಳಿಗೆ ಹೋಗುತ್ತಿದ್ದೆ. (ಮನೆಗೆ ಬರೆದ ಪತ್ರದಲ್ಲಿ ಅದಕ್ಕೆ ‘ಸ್ಪೆಶಲ್ ಕ್ಲಾಸ್’ ಎಂಬ ಹೆಸರಿತ್ತು.) ಎಷ್ಟು ತರದ ಹುಳಗಳನ್ನು ನೋಡಿದ್ದೇನೆ! ಮರಳಿನಡಿಯಿಂದ ಎದ್ದು ಲಾರಿ ನುಂಗುವ ಹುಳ. ಮಿದುಳಿನಲ್ಲಿ ಮನೆ ಮಾಡಿ ಸಂಭಾವಿತರ ಕೈಯಲ್ಲಿ ಖೂನಿ ಮಾಡಿಸುವ ಹುಳ. ಬಚ್ಚಲ ತೂತಿನಿಂದ ಬರುವ ಹುಳ. ಸಮುದ್ರದ ತಳದಿಂದ ಹಡಗಿಗೆ ಹತ್ತುವ ಹುಳ.

ಜನ ಹುಲಿ, ಮೊಸಳೆ ಬಿಟ್ಟು ಹುಳಕ್ಕೇಕೆ ಹೆದರುತ್ತಾರೆ? ನನ್ನದೊಂದು ಥಿಯರಿ ಇದೆ. ಹುಲಿಗೆ ಮುಖವಿದೆ. ಹಾವಿಗೆ ಕಣ್ಣಿದೆ, ಅದೂ ನಮ್ಮನ್ನು ನೋಡಿ ಹೆದರುತ್ತದೆ. ಹುಳಕ್ಕೆ ಮುಖವೂ ಇಲ್ಲ, ಹೆದರಿಕೆಯೂ ಇಲ್ಲ. ಮುಖವಿಲ್ಲದವರ ಜೊತೆ ಜಗಳವಾದರೂ ಹೇಗೆ ಆಡುವುದು?

ಇನ್ನೊಂದನ್ನು ಗಮನಿಸಿದ್ದೇನೆ. ಚಿತ್ರ ಯಾರೇ ತೆಗೆಯಲಿ, ಹುಳ ಮಾತ್ರ ಹೊರಗಿನಿಂದಲೇ ಬರಬೇಕು. ಬೇರೆ ಗ್ರಹದಿಂದ, ಪಾತಾಳದಿಂದ, ಶತ್ರು ದೇಶದ ಲ್ಯಾಬೊರೇಟರಿಯಿಂದ. ನಮ್ಮೂರಿನದಲ್ಲ, ನಮ್ಮ ಮನೆಯದಂತೂ ಅಲ್ಲವೇ ಅಲ್ಲ. ಈ ಚಿತ್ರದಲ್ಲೂ ಹಾಗೆಯೇ. ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ಕಲ್ಲಿನೊಳಗೆ ಹುಳ. ಹುಳ ಒಂದು ಊರಿನ ಕೆರೆ ಸೇರುತ್ತದೆ. ಕೆರೆಯಿಂದ ಊರು ಸೇರುತ್ತದೆ.

ಮೊದಲಿಗೆ ತೆಂಗಿನ ಮರದಷ್ಟು ದೊಡ್ಡ ಹುಳವೊಂದು ನೀರಿನಿಂದ ಎದ್ದಿತು. ನಾನು ದನಿ ನಡುಗಿಸಿ, "ಈಗ ನೋಡ್ರಿ, ಬಂತು!" ಎಂದೆ. ಪಡಸಾಲೆ ಚೀರುತ್ತದೆ ಅಂದುಕೊಂಡಿದ್ದೆ. ಪಡಸಾಲೆ ನಕ್ಕಿತು.

"ಇಷ್ಟ್ ದೊಡ್ಡ ಎರಿಹುಳ ಇದ್ರ ನೆಲಕ್ಕ ರಂಟಿ ಹೊಡಿಯೋದ ಬ್ಯಾಡ ನೋಡ್ರಿ. ಹೊಲದಾಗ ಬಿಟ್ಟು ಮನ್ಯಾಗ ಮಲಗಬೌದು," ಎಂದ ಪಕ್ಕದ ಮನೆಯ ಫಕೀರಪ್ಪ. ಹೆಂಗಸರ ಕಡೆಯಿಂದ ಯಾರೋ, "ಹತ್ತಿಕಾಯಾಗಿನ ಹುಳದಂಗ ಐತೆಲ್ಲ, ಎಣ್ಣಿ ಹೊಡಿಯಾಕ ಹೇಳ್ರಿ ಅವರಿಗೆ," ಎಂದರು. ಲಕ್ಷಗಟ್ಟಲೆ ಡಾಲರ್ ಸುರಿದು ಮಾಡಿದ ಹೆದರಿಕೆ ಹೀಗೆ ನೀರುಪಾಲಾಯಿತು.

ಆಮೇಲೆ ಬಂದದ್ದು ಕಾಲಿನ ದೃಶ್ಯ. ಒಬ್ಬ ಬೆಸ್ತನ ಕಾಲಿನ ಮೇಲೊಂದು ಬೊಬ್ಬೆ. ಬೊಬ್ಬೆ ಒಡೆಯುತ್ತದೆ. ಒಳಗಿನಿಂದ ಬೆಳ್ಳಗೆ ದಾರದಂಥದ್ದು ಇಣುಕುತ್ತದೆ.

ದೊಡ್ಡ ಹುಳಕ್ಕೆ ನಕ್ಕವರು ಈ ಸಣ್ಣ ಹುಳಕ್ಕೆ ಕಾಲು ಮಡಚಿಕೊಂಡು ಕೂತರು. ಯಾಕೆಂದರೆ ಇದು ಆಕಾಶದಿಂದ ಬಿದ್ದದ್ದಲ್ಲ, ಅವರಿಗೆ ಪರಿಚಯದ್ದು. ನಾರುಹುಣ್ಣು!

ಪಟ್ಟಣದಲ್ಲಿ ನಲ್ಲಿ ನೀರು ಕುಡಿಯುವ ಓದುಗರಿಗೆ ಎರಡು ಮಾತು ಹೇಳಬೇಕು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ಕಣ್ಣಿಗೆ ಕಾಣುವುದೋ ಬೇಡವೋ ಎಂಬಷ್ಟು ಸಣ್ಣ ನೀರಹೇನುಗಳಿರುತ್ತವೆ. ಅವುಗಳ ಹೊಟ್ಟೆಯಲ್ಲಿ ಈ ಹುಳದ ಮರಿ. ಸೋಸದೆ ಕುಡಿದರೆ ಮೈ ಸೇರುತ್ತದೆ. ಒಂದು ವರ್ಷ ಸುದ್ದಿಯಿಲ್ಲ. ನೀವು ಉಂಡು, ಮಲಗಿ, ಮದುವೆ ಮುಂಜಿ ಮುಗಿಸಿಕೊಂಡು ಹಾಯಾಗಿರುತ್ತೀರಿ. ಅದು ಒಳಗೆ ಗಜದುದ್ದ ಬೆಳೆಯುತ್ತಿರುತ್ತದೆ. ವರ್ಷ ತುಂಬಿದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಕೆಂಡ ಇಟ್ಟಂತೆ ಉರಿಸಿ, ಹೊರಗೆ ಬರುತ್ತದೆ. ಯಾವ ಸಿನಿಮಾದವನಿಗೆ ಇಂಥ ಸ್ಕ್ರಿಪ್ಟ್ ಹೊಳೆದೀತು?

ಬಂದ ಹುಳವನ್ನು ಎಳೆಯುವ ಹಾಗಿಲ್ಲ. ಒಳಗೆ ಹರಿದರೆ ಕಾಲು ಬಾತು ಕೀವಾಗುತ್ತದೆ. ಫಕೀರಪ್ಪನ ಮಗಳಿಗೆ ಹಾಗೆಯೇ ಆಗಿತ್ತು. ಅವಸರದಲ್ಲಿ ಎಳೆದರು, ಹರಿಯಿತು, ಹುಡುಗಿಯ ಮೊಣಕಾಲು ಇವತ್ತಿಗೂ ಪೂರಾ ಮಡಚುವುದಿಲ್ಲ. ಆದ್ದರಿಂದ ಹುಳದ ತುದಿಯನ್ನು ಬಾರಿಗೆ ಕಡ್ಡಿಗೆ, ಅಂದರೆ ಕಸಬರಿಗೆಯ ಕಡ್ಡಿಗೆ, ಸಿಕ್ಕಿಸಿ, ದಿನಕ್ಕೆ ಒಂದಿಷ್ಟು ಸುತ್ತುತ್ತಾ ಬರಬೇಕು. ಆ ಊರಿನಲ್ಲಿ ಈ ಕೆಲಸದಲ್ಲಿ ಕೈ ಪಳಗಿದವಳು ಕಲ್ಲವ್ವ. ಊರೆಲ್ಲ ಅವಳನ್ನು ಆಯಿ ಎಂದು ಕರೆಯುತ್ತದೆ. ಟೀವಿಯ ಡಾಕ್ಟರಿಗೆ ಬೈದವಳು ಅವಳೇ. ನಾನು ನಗಲಿಲ್ಲ. ಡಾಕ್ಟರಿಗಿಂತ ಅವಳಿಗೆ ಅನುಭವ ಹೆಚ್ಚು.

ನಾನು ನಗದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಎಡಗಾಲಿನ ಹರಡಿನ ಮೇಲೂ, ಪಾದದ ಗಂಟಿನ ಹತ್ತಿರ, ಒಂದು ಬೊಬ್ಬೆ ಇತ್ತು.

ಹಾನಗಲ್ಲು ಬಿಡುವ ದಿನವೇ ಎದ್ದಿತ್ತು. ತೊಟ್ಟಿಲು ಕಾರ್ಯಕ್ಕೆಂದು ಹೊಸ ಬೂಟು ಕೊಂಡಿದ್ದೆ. ಬೂಟು ಕಚ್ಚಿದೆ ಎಂದು ತೀರ್ಮಾನ ಮಾಡಿದೆ. ಗಿರಿಜೆ ಕೇಳಿದಾಗ, "ಬೂಟು ಕಚ್ಚೇತಿ" ಎಂದೆ. ಈರಣ್ಣ ಕೇಳಿದಾಗಲೂ ಅದೇ. ಹೊಸ ಬೂಟು ಹಿಮ್ಮಡಿಗೆ ಕಚ್ಚುತ್ತದೆ, ಹರಡಿನ ಮೇಲೇಕೆ ಕಚ್ಚುತ್ತದೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅದಕ್ಕೂ ಹಿಂದಿನ ವರ್ಷ ಸೀತನಿ ತಿಂದು ಬಾಯಾರಿ, ಹೊಲದ ಬಾವಿಗಿಳಿದು, ‘ಇಂಥ ರುಚಿಯಾದ ನೀರು ಹಾನಗಲ್ಲಿನಲ್ಲಿ ಎಲ್ಲಿದೆ’ ಎಂದು ಬೊಗಸೆ ಬೊಗಸೆ ಕುಡಿದದ್ದು ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಿಗೂ ಬುದ್ಧಿ ಇರುತ್ತದೆ, ಮುಜುಗರ ಆಗುವ ಕಡೆ ಅದು ಹೋಗುವುದಿಲ್ಲ.

ಮುಜುಗರ ಯಾಕೆ ಅಂತೀರಾ? ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನೇ ನಾರುಹುಣ್ಣಿನ ಮೇಲೆ ಬರೆದಿದ್ದೆ. ‘ನೀರಿಗೆ ಕಾಲಿಡುವ ಜನ, ನೀತಿಗೆ ಕಿವಿಗೊಡದ ಜನ’ ಎಂಬ ಭಾರಿ ತಲೆಬರಹ. ಹುಣ್ಣಿನ ಕಾಲು ನೀರಿಗಿಟ್ಟ ಕೂಡಲೇ ಹುಳ ಸಾವಿರಾರು ಮರಿ ಬಿಡುತ್ತದೆ, ಬಾವಿಯೆಲ್ಲ ಕೆಡುತ್ತದೆ, ಇಷ್ಟು ಗೋಡೆಗಳ ಮೇಲೆ ಬರೆದರೂ ಈ ಹಳ್ಳಿಯ ಜನಕ್ಕೆ ಯಾಕೆ ತಿಳಿಯುವುದಿಲ್ಲ ಎಂದು ಒಂದು ಕಾಲಂ ತುಂಬ ಸಿಟ್ಟು ಮಾಡಿದ್ದೆ. ಮೆಚ್ಚಿ ಪತ್ರಗಳೂ ಬಂದಿದ್ದವು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ.

ಟೀವಿ ಆಟದ ದಿನ ಮುಂಜಾನೆ ಉರಿ ತಡೆಯಲಾಗಲಿಲ್ಲ. ಎಲ್ಲರೂ ಹೋಳಿಗೆ, ಹೂರಣದ ಗದ್ದಲದಲ್ಲಿದ್ದರು. ನಾನು ಊರ ಬಾವಿಗೆ ಹೋದೆ. ಯಾರೂ ಇರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕೂತು ಎಡಗಾಲನ್ನು ನೀರಿಗೆ ಬಿಟ್ಟೆ.

ಆಹಾ! ಎಂಥ ಹಾಯಿ! ಮೂರು ದಿನದ ಉರಿ ಮೂರು ನಿಮಿಷದಲ್ಲಿ ಇಳಿಯಿತು. ಬೊಬ್ಬೆ ಪಟ್ಟನೆ ಒಡೆಯಿತು. ನೀರಿನಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗೆ ಏನೋ ಹರಡಿತು. ಕೀವು ಎಂದುಕೊಂಡೆ. ಬೂಟಿನ ಕೀವು. ಮೇಲೆ ಬಂದು, ಹುಣ್ಣಿಗೆ ಕರವಸ್ತ್ರ ಕಟ್ಟಿ, ಅದರ ಮೇಲೆ ಕಾಲುಚೀಲ ಎಳೆದು, ಎರಡು ಹೋಳಿಗೆ ಹೆಚ್ಚೇ ತಿಂದೆ.

ಈಗ ಮತ್ತೆ ಪಡಸಾಲೆಗೆ ಬನ್ನಿ. ಬೆಸ್ತ ಸತ್ತಿದ್ದಾನೆ. ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ. ಆಗ ಕನ್ನಡಕದ ಪ್ರೊಫೆಸರ್ ಒಬ್ಬ ಬರುತ್ತಾನೆ. (ಇಂಥ ಚಿತ್ರಗಳಲ್ಲಿ ಕನ್ನಡಕದ ಪ್ರೊಫೆಸರ್ ಒಬ್ಬ ಬಂದೇ ಬರುತ್ತಾನೆ. ನಮ್ಮ ಚಿತ್ರಗಳಲ್ಲಿ ಪೊಲೀಸರು ಕೊನೆಗೆ ಬರುವ ಹಾಗೆ.) ಅವನು ಪೈಪು ಬಾಯಿಂದ ತೆಗೆದು, ನಿಧಾನವಾಗಿ ಹೇಳಿದ ಮಾತಿನ ಅರ್ಥ ಇಷ್ಟು: ಈ ಹುಳಕ್ಕೆ ಕಾಲಿಲ್ಲ. ತಾನಾಗಿ ಅದು ಕೆರೆಗೆ ನಡೆದು ಹೋಗಲಾರದು. ಅದಕ್ಕೇ ಮನುಷ್ಯನ ಕಾಲನ್ನು ಉರಿಸುತ್ತದೆ, ಅವನನ್ನೇ ನೀರಿಗೆ ನಡೆಸುತ್ತದೆ. ಕೆರೆಗೆ ಇದನ್ನು ತಂದವನು ನಿಮ್ಮಲ್ಲೇ ಒಬ್ಬ.

ನಾನು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಏನಂದ್ರಿ ಅಂವ?" ಎಂದ ಈರಣ್ಣ.

"ಭಾಳ ಕಷ್ಟ ಐತಿ, ದೇವರ ಕಾಯಬೇಕು ಅಂತಾನ," ಎಂದೆ.

"ಅಷ್ಟುದ್ದ ಮಾತಾಡಿದ್ದಕ್ಕ ಇಷ್ಟ ಏನ್ರಿ?" ಕತ್ತಲೆಯಿಂದ ಗಿರಿಜೆಯ ದನಿ ಬಂತು. ಹದಿನಾಲ್ಕು ವರ್ಷ ನನ್ನ ಜೊತೆ ಬಾಳಿದವಳು. ನಾನು ಯಾವಾಗ ಸುಳ್ಳು ಹೇಳುತ್ತೇನೆ ಎನ್ನುವುದು ಅವಳಿಗೆ ಕತ್ತಲಲ್ಲೂ ಕಾಣುತ್ತದೆ.

ನಾನು ಉತ್ತರ ಕೊಡುವ ಮೊದಲೇ ಈರಣ್ಣನ ಹೆಂಡತಿ ಶಾಂತಾ ಕೊಡ ಮತ್ತು ತಂಬಿಗೆ ಹಿಡಿದು ಒಳಗೆ ಬಂದಳು. ಸೆಖೆಯಲ್ಲಿ ಕೂತ ಮಂದಿಗೆ ನೀರು. ಮೊದಲ ತಂಬಿಗೆ ಯಾರಿಗೆ? ಮನೆಯ ಅಳಿಯನಿಗೆ.

"ತಗೋರಿ ಅಣ್ಣಾರ. ಈಗ ತಂದದ್ದು, ತಣ್ಣಗ ಐತಿ."

ತಂಬಿಗೆ ಕೈಗೆ ತೆಗೆದುಕೊಂಡೆ. ಟೀವಿಯ ಬೆಳಕು ನೀರಿನ ಮೇಲೆ ಆಡುತ್ತಿತ್ತು. ಕುಡಿಯಲಾಗಲಿಲ್ಲ. ನನ್ನ ನಂತರ ಕುಡಿಯುವವರ ಸಾಲು ಕಂಡಿತು. ಫಕೀರಪ್ಪ, ಅವನ ಪಕ್ಕ ಕಾಲು ಚಾಚಿಯೇ ಕೂತ ಅವನ ಮಗಳು, ಆಯಿ, ಅಂದೇ ತೊಟ್ಟಿಲೇರಿದ ಕೂಸಿನ ತಾಯಿ ಶಾಂತಾ. ಸುಮ್ಮನಿದ್ದುಬಿಡಬಹುದಿತ್ತು. ಒಂದು ವರ್ಷದ ನಂತರ ಯಾರಿಗಾದರೂ ಹುಳ ಬಂದರೆ, ಅದು ಇಂಥ ದಿನ ಇಂಥ ಮಾಸ್ತರನ ಕಾಲಿನಿಂದ ಬಂತು ಎಂದು ಯಾವ ಪೊಲೀಸು ಕಂಡುಹಿಡಿಯುತ್ತಾನೆ? ಅಷ್ಟು ಚೆನ್ನಾಗಿ ಮುಚ್ಚಿಹೋಗುವ ಅಪರಾಧ ಜಗತ್ತಿನಲ್ಲಿ ಇನ್ನೊಂದಿಲ್ಲ. ಆ ಯೋಚನೆ ನನಗೆ ಬಂತು. ಬರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

"ಶಾಂತವ್ವಾ, ಈ ನೀರು ಯಾರಿಗೂ ಕೊಡಬ್ಯಾಡ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಮುಂಜಾನಿ ನಾ ಬಾವ್ಯಾಗ ಕಾಲಿಟ್ಟೇನಿ. ಬೂಟು ಕಚ್ಚಿದ್ದಲ್ಲ ಅದು. ನಾರು."

ಯಾರೋ ವೀಡಿಯೋದ ಗುಂಡಿ ಒತ್ತಿದರು. ಪ್ರೊಫೆಸರ್ ಬಾಯಿ ತೆರೆದಲ್ಲೇ ನಿಂತು ನಡುಗತೊಡಗಿದ. ಅವನ ಹಾಗೆಯೇ ನಾನೂ.

ಮೊದಲು ಎದ್ದವನು ಫಕೀರಪ್ಪ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಮ್ಮ ಮಂದಿ ನೀರಾಗ ಕಾಲಿಟ್ರ ನೀವು ಪೇಪರಿನ್ಯಾಗ ಬರದ್ರಿ ಮಾಸ್ತರ. ಓದಿಸಿ ಕೇಳೇನಿ ನಾ. ಈಗ ನೀವು ಇಟ್ಟೀರಿ. ಇದನ್ನ ಯಾರು ಬರೀಬೇಕ್ರಿ?"

"ನಾನ ಬರೀತೇನಿ," ಎಂದೆ.

"ಬರ್ಯೋದು ಆಮ್ಯಾಲ ಬರೀರಿ," ಎಂದು ಆಯಿ ನಡುವೆ ಬಂದಳು. "ಕಂಬಳಿ ತಗೀರಿ, ಬೆಳಕು ಬರ್ಲಿ. ಈರಣ್ಣಾ, ಬಾವಿ ಮೆಟ್ಟಲಕ್ಕ ಅಡ್ಡ ಬಾರಿಮುಳ್ಳಿನ ಕಂಟಿ ಎಳಿ ಹೋಗು. ಯಾರೂ ಇಳೀಬಾರ್ದು. ಶಾಂತಾ, ಇವತ್ತ ತುಂಬಿದ ನೀರು ಎಲ್ಲಾರ ಮನ್ಯಾಗೂ ಚೆಲ್ಲಾಕ ಹೇಳು. ಅಳಿಯಂದ್ರ, ನೀವು ಕಾಲು ಚಾಚ್ರಿ."

ಕಾಲುಚೀಲ ಬಿಚ್ಚಿದೆ. ಕರವಸ್ತ್ರ ಬಿಚ್ಚಿದೆ. ಒಂದು ಬೆಳ್ಳನೆಯ ಎಳೆ, ಹೊಲಿಗೆ ದಾರದಷ್ಟೇ ದಪ್ಪ, ಹುಣ್ಣಿನ ನಡುವಿನಿಂದ ಇಣುಕಿತ್ತು. ಹಲ್ಲಿಲ್ಲ, ಬಾಯಿಲ್ಲ, ಗರ್ಜನೆ ಇಲ್ಲ. ಆ ಎಲ್ಲ ಚಿತ್ರಗಳಲ್ಲಿ ಕಂಡ ಯಾವ ಹುಳಕ್ಕೂ ನಾನು ಇಷ್ಟು ಹೆದರಿರಲಿಲ್ಲ.

ಮರುದಿನ ಸುದ್ದಿ ಮುಟ್ಟಿ ಸವಣೂರಿನಿಂದ ಆರೋಗ್ಯ ಇಲಾಖೆಯ ಕಾರ್ಯಕರ್ತ ಸೈಕಲ್ ತುಳಿದುಕೊಂಡು ಬಂದ. ಸಣ್ಣ ಪ್ರಾಯದವನು. ನನ್ನನ್ನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಕೈ ಕುಲುಕಿದ.

"ನಿನ್ನಿ ಬಿಟ್ಟ ಮರಿ ಇವತ್ತ ಏನೂ ಮಾಡಂಗಿಲ್ರಿ ಸರ್. ನೀರಹೇನಿನ ಹೊಟ್ಯಾಗ ಸೇರಿ ಬಲಿಯಾಕ ಎರಡು ವಾರ ಬೇಕು. ಅಷ್ಟರಾಗ ಔಷಧಿ ಹಾಕಿ ಹೇನು ಕೊಂದ್ರ ಮುಗೀತು. ನೀವು ಹೇಳಿದ್ದು ಛಲೋ ಆತು. ಹೇಳೋರ ಇಲ್ರಿ ನಮಗ. ಎಲ್ಲಾರೂ ಮುಚ್ಚಿಡ್ತಾರ."

"ಅವರಿಗೂ ಬೂಟು ಕಚ್ಚಿರತೈತೇನ್ರಿ?" ಎಂದಳು ಗಿರಿಜೆ, ಬಾಗಿಲ ಮರೆಯಿಂದ.

ಅವನು ಬಾವಿಗೆ ಔಷಧಿ ಹಾಕಿದ. ತಿಂಗಳಿಗೊಮ್ಮೆ ಬಂದು ಹಾಕುವುದಾಗಿ ಹೇಳಿದ. ನಾಲ್ಕು ಪದರ ಮಾಡಿದ ಅರಿವೆಯಲ್ಲಿ ನೀರು ಸೋಸುವುದನ್ನು ಮನೆ ಮನೆಗೆ ಹೋಗಿ ತೋರಿಸಿದ. ನಾನು ಬರೆದಿದ್ದೂ ಇದನ್ನೇ. ಆದರೆ ನನ್ನ ಲೇಖನ ಓದಿ ಒಂದು ಮನೆಯಲ್ಲೂ ಅರಿವೆ ಕಟ್ಟಿರಲಿಲ್ಲ. ನನ್ನ ಕಾಲು ನೋಡಿ ಎಲ್ಲರೂ ಕಟ್ಟಿದರು.

ನನ್ನದು ಮಾತ್ರ ಮಾವನ ಮನೆಯಲ್ಲಿ ಹತ್ತೊಂಬತ್ತು ದಿನದ ವಾಸ. ಹೆಡ್‌ಮಾಸ್ತರರಿಗೆ ‘ಜ್ವರದ ನಿಮಿತ್ತ’ ಎಂದು ರಜೆ ಚೀಟಿ ಬರೆದೆ. ಗಿರಿಜೆ ಓದಿ, ಹರಿದು, ಇನ್ನೊಂದು ಹಾಳೆ ಮುಂದಿಟ್ಟಳು. ‘ನಾರುಹುಣ್ಣಿನ ನಿಮಿತ್ತ’ ಎಂದು ಬರೆದೆ. ಮಾಸ್ತರನಿಗೆ ನಾರುಹುಣ್ಣು! ಸ್ಟಾಫ್‌ರೂಮಿನಲ್ಲಿ ಏನು ನಗೆ ಎದ್ದಿರಬಹುದು.

ದಿನಾ ಬೆಳಿಗ್ಗೆ ಆಯಿ ಬರುತ್ತಿದ್ದಳು. ಬೋಗುಣಿಯಲ್ಲಿ ತಣ್ಣೀರು. ಕಾಲು ಅದರಲ್ಲಿ. (ಆ ನೀರನ್ನು ಆಮೇಲೆ ಊರ ಹೊರಗೆ, ಒಣ ನೆಲದಲ್ಲಿ ಸುರಿಯುವುದು ಈರಣ್ಣನ ಕೆಲಸ.) ಹುಳ ಒಂದಿಷ್ಟು ಸಡಿಲಾದಾಗ ಆಯಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿದ್ದಳು. ಒಂದು ಸುತ್ತು. ಇನ್ನರ್ಧ. ನಿಲ್ಲಿಸುತ್ತಿದ್ದಳು.

"ಇನ್ನೊಂದು ಸುತ್ತು ಬರ್ತೈತೇನೋ ನೋಡಬೇಕಿತ್ತಲ್ಲ ಆಯಿ," ಎಂದು ನಾನು ಅವಸರ ಮಾಡುತ್ತಿದ್ದೆ.

"ಅದು ಕೊಟ್ಟಷ್ಟು ತಗೋಬೇಕ್ರಿ. ಹೆಚ್ಚು ಕೇಳಿದ್ರ ಸಿಟ್ಟಿಗೇಳ್ತೈತಿ. ಪಿಚ್ಚರ್‌ನ್ಯಾಗ ನೋಡಲಿಲ್ಲೇನು, ಆ ಶಾಣ್ಯಾ ಡಾಕ್ಟರಂದು ಏನಾತು?"

ಸಿನಿಮಾದ ಹುಳ ಎರಡು ತಾಸಿನಲ್ಲಿ ಸಾಯುತ್ತದೆ. ಬಂದೂಕು, ಬಾಂಬು, ಬೆಂಕಿ. ಹತ್ತೊಂಬತ್ತು ದಿನ ಒಂದು ಬಾರಿಗೆ ಕಡ್ಡಿ ಹಿಡಿದು ಕೂತ ಮುದುಕಿಯ ಚಿತ್ರ ತೆಗೆದರೆ ಯಾರು ನೋಡುತ್ತಾರೆ? ನಾನು ನೋಡಿದೆ. ಬೇರೆ ದಾರಿ ಇರಲಿಲ್ಲ. ಪ್ರತಿ ದಿನ ಅವಳು ಕಡ್ಡಿಗೆ ಕೈ ಹಾಕುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಹರಿದರೆ? ಫಕೀರಪ್ಪನ ಮಗಳು ಅಂಗಳದಲ್ಲಿ ಕಾಲೆಳೆದುಕೊಂಡು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದು ದಿನ ಅವಳೇ ಬಂದು ಹೊಸಿಲ ಮೇಲೆ ಕೂತು, "ಹೆದರಬ್ಯಾಡ್ರಿ. ನಂದು ಆಯಿ ಕೈಗೆ ಸಿಕ್ಕಿರಲಿಲ್ಲ, ಅದಕ್ಕ ಹರೀತು," ಎಂದಳು. ಅವಳ ಬಾವಿಗೆ ಹುಳ ಬಿಟ್ಟವನಿಗೆ ಅವಳೇ ಸಮಾಧಾನ ಹೇಳುತ್ತಿದ್ದಳು.

ಹತ್ತೊಂಬತ್ತನೆಯ ದಿನ ಕಡ್ಡಿ ತಿರುವುತ್ತಿದ್ದ ಆಯಿಯ ಕೈ ಸಡಿಲಾಯಿತು. ಹುಳದ ಬಾಲ ಹೊರಗೆ ಬಂದಿತ್ತು. ಪೂರಾ, ಎಲ್ಲೂ ಹರಿಯದೆ. ಬಿಚ್ಚಿ ಅಳೆದರೆ ಗಜಕ್ಕೆ ನಾಲ್ಕು ಬೆರಳು ಕಡಿಮೆ. ಇಷ್ಟುದ್ದದ ಬಾಡಿಗೆದಾರ ಒಂದು ವರ್ಷ ನನ್ನೊಳಗಿದ್ದು, ನನ್ನ ಜೊತೆ ಕ್ಲಾಸಿಗೆ ಬಂದು, ನನ್ನ ಜೊತೆ ಅಂಕಣ ಬರೆದಿದ್ದ.

ಆಯಿ ಅದನ್ನು ಒಲೆಗೆ ಹಾಕಿದಳು. ಗಿರಿಜೆ ದೇವರ ಮುಂದೆ ದೀಪ ಹಚ್ಚಿದಳು. ನಾನು ಬೂಟು ಈರಣ್ಣನಿಗೆ ಕೊಟ್ಟು ಚಪ್ಪಲಿಯಲ್ಲಿ ಹಾನಗಲ್ಲಿಗೆ ಬಂದೆ.

ನನ್ನ ಹುಳದ ಕಥೆ ಅಲ್ಲಿಗೆ ಮುಗಿಯಿತು. ಬಾವಿಯ ಕಥೆ ಮುಗಿದಿರಲಿಲ್ಲ. ಔಷಧಿ ಹಾಕಿದ್ದು ಸಾಕಾಯಿತೇ? ಕಂಟಿ ಎಳೆಯುವ ಮೊದಲು ಯಾರಾದರೂ ತುಂಬಿ, ಚೆಲ್ಲದೆ ಉಳಿಸಿಕೊಂಡ ನೀರು ಇತ್ತೇ? ಗೊತ್ತಾಗುವುದು ಒಂದು ವರ್ಷದ ಮೇಲೆ. ಆ ವರ್ಷ ಹೇಗೆ ಕಳೆದೆ ಎಂದು ಗಿರಿಜೆಯನ್ನು ಕೇಳಬೇಕು. ತವರಿನಿಂದ ಅವಳಿಗೆ ಕಾಗದ ಬಂದರೆ ಮೊದಲು ಒಡೆಯುವವನು ನಾನು. ‘ಎಲ್ಲರೂ ಆರಾಮ’ ಎಂದು ಬರೆದಿದ್ದರೆ ಎರಡು ಸಲ ಓದುತ್ತಿದ್ದೆ. ಫಕೀರಪ್ಪನಿಗೆ ಕೊಟ್ಟ ಮಾತು ನೆನಪಿತ್ತು. ಬರೆಯಲು ಕೂತಾಗಲೆಲ್ಲ, ‘ಏನಾಗುತ್ತದೋ ನೋಡಿ ಬರೆದರಾಯಿತು’ ಎಂದು ಪೆನ್ನು ಮುಚ್ಚಿಡುತ್ತಿದ್ದೆ. ಅದು ಜಾಣತನ ಅಲ್ಲ, ಹೇಡಿತನ. ಈಗ ಒಪ್ಪಿಕೊಳ್ಳುತ್ತೇನೆ.

ಹೋದ ರವಿವಾರ ಮತ್ತೆ ಸೀತನಿ. ಮತ್ತೆ ಅದೇ ಊರು, ಅದೇ ಹೊಲ. ಸುಟ್ಟ ತೆನೆಯಿಂದ ಉದುರಿಸಿದ ಬೆಳಸಿ ಕಾಳು, ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಎಲ್ಲ ಇತ್ತು. ನನಗೆ ತಿನ್ನುವುದರ ಮೇಲೆ ಲಕ್ಷ್ಯವಿರಲಿಲ್ಲ. ಜನರ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಅವರ ಕಾಲು ನೋಡುತ್ತಿದ್ದೆ. ಒಡೆದ ಹಿಮ್ಮಡಿ, ಮುಳ್ಳು ಚುಚ್ಚಿದ ಕಾಲು, ಕಾಲುಂಗುರದ ಕಾಲು, ಮೊನ್ನೆ ಮೊನ್ನೆ ನಡೆಯಲು ಕಲಿತ ಈರಣ್ಣನ ಕೂಸಿನ ಕಾಲು. ಎಲ್ಲಾದರೂ ಬಟ್ಟೆ ಕಟ್ಟಿದ್ದಾರೆಯೇ? ಯಾರಾದರೂ ಕುಂಟುತ್ತಾರೆಯೇ?

"ಏನ್ರಿ ಅಳಿಯಂದ್ರ, ಬಂದಾಗಿಂದ ನೆಲಾ ನೋಡಾಕತ್ತೀರಿ? ಏನರ ಕಳಕೊಂಡೀರೇನು?" ಎಂದಳು ಆಯಿ.

"ಕಾಲು ನೋಡಾಕತ್ತೇನಿ, ಆಯಿ."

ಅವಳಿಗೆ ಅರ್ಥವಾಯಿತು. ತೆನೆ ಬಡಿಯುವುದನ್ನು ನಿಲ್ಲಿಸಿ ನನ್ನ ಕೈ ಮೇಲೆ ಬೂದಿ ಹತ್ತಿದ ಕೈ ಇಟ್ಟಳು. "ನಾನೂ ವರ್ಷ ಪೂರ್ತಿ ಅದನ್ನ ನೋಡೇನ್ರಿ. ಒಬ್ಬರಿಗೂ ಇಲ್ಲ. ಹ್ವಾದ ವರ್ಷ ನಿಮ್ಮದ ಕಡೀದು. ನನ್ನ ಕಡ್ಡಿ ಬಾರಿಗ್ಯಾಗ ಸುಮ್ಮನ ಕುಂತಾವ."

ನನಗೆ ಏನಾಯಿತೋ ಹೇಳಲಾರೆ. ಬದುವಿನ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಹಿಂದೆಯೇ ಕಣ್ಣೀರು ಬಂತು. ಒಂದು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಆ ಬಾವಿಯಲ್ಲಿ ಕಾಲಿಟ್ಟಾಗಿನ ಹಾಯಿ ಮೂರು ನಿಮಿಷದ್ದು. ಇದು ಬೇರೆ. ಇದನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ.

ಫಕೀರಪ್ಪ ಬಂದು ನನ್ನನ್ನು ಬಾವಿಗೆ ಕರೆದುಕೊಂಡು ಹೋದ. ಮೆಟ್ಟಿಲಿಗೆ ಅಡ್ಡವಾಗಿ ಕಲ್ಲಿನ ಗೋಡೆ ಎದ್ದಿದೆ. ಮೇಲೆ ರಾಟೆ, ಹಗ್ಗ, ಕೊಡ. ಊರವರೇ ಕೂಡಿ ಕಟ್ಟಿದ್ದಂತೆ. ಇನ್ನು ಯಾವ ಮಾಸ್ತರನೂ ಕಾಲಿಳಿಸಲಾರ.

"ಬರದ್ರೇನ್ರಿ?" ಎಂದ ಫಕೀರಪ್ಪ. ಇಷ್ಟೇ ಕೇಳಿದ್ದು.

"ಈ ವಾರ," ಎಂದೆ.

ಊಟದ ಹೊತ್ತಿಗೆ ಆಯಿ ಇನ್ನೊಂದು ಕೇಳಿದಳು. "ಆ ಪಿಚ್ಚರ್ ಕಡೀಕ ಏನಾತ್ರಿ? ನೀವು ಅರ್ಧಕ್ಕ ನಿಲ್ಲಿಸಿದ್ರಿ."

ನನಗೆ ಗೊತ್ತಿತ್ತು. ಪರೀಕ್ಷೆಯ ಡ್ಯೂಟಿಗೆಂದು ಹಿರೇಕೆರೂರಿಗೆ ಹೋದಾಗ ಅಲ್ಲಿನ ವೀಡಿಯೋ ಸೆಂಟರಿನಲ್ಲಿ ಅದೇ ಚಿತ್ರ ಹಾಕಿದ್ದರು. ಸಂತೆಯ ದಿನ. ಮೆಕ್ಕೆಜೋಳದ ವ್ಯಾಪಾರಿಗಳ ನಡುವೆ ಕೂತು ಉಳಿದರ್ಧ ನೋಡಿದ್ದೆ. ಅಂದು ಮುಚ್ಚಿಟ್ಟಿದ್ದ ಪ್ರೊಫೆಸರನ ಮಾತನ್ನೂ ಸೇರಿಸಿ ಅದನ್ನೇ ಹೇಳಿದೆ. ಮಿಲಿಟರಿ ಬಂತು. ಕೆರೆಗೆ ಎಣ್ಣೆ ಸುರಿದು ಬೆಂಕಿ ಇಟ್ಟರು. ಹುಳವೆಲ್ಲ ಸುಟ್ಟು ಸತ್ತವು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಕೆರಿಗೆ ಅದನ್ನ ತಂದಾಂವ ಯಾರು?"

"ಆ ಊರಿನ ದೊಡ್ಡ ಮನಶ್ಯಾ. ಕಾಲು ಮುಚ್ಚಿಕೊಂಡು ಅಡ್ಡಾಡ್ತಿದ್ದ."

"ಅಂವ ‘ನಾನ’ ಅಂತ ಅಂದ್ನೇನು?"

"ಇಲ್ಲ ಆಯಿ. ಅಂವನ್ನ ಯಾರೂ ಕೇಳಲಿಲ್ಲ."

"ಹಂಗಾರ ಹುಳ ಸತ್ತಿಲ್ಲ ಬಿಡ್ರಿ," ಎಂದು ಆಯಿ ಮೊಸರು ಕಲಸಿಕೊಂಡಳು.

ಅವಳು ಹೇಳಿದ್ದು ನಿಜ. ಚಿತ್ರದ ಕೊಟ್ಟಕೊನೆಯಲ್ಲಿ, ಎಲ್ಲರೂ ಮನೆಗೆ ಹೋದ ಮೇಲೆ, ಸುಟ್ಟ ಕೆಸರಿನಲ್ಲಿ ಒಂದು ಬೆಳ್ಳನೆಯ ಎಳೆ ಮೆಲ್ಲಗೆ ಮಿಸುಕುತ್ತದೆ. ಅದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ನನ್ನದು ಹೇಳಿ ಮುಗಿಸಿದೆ. ಅಂದ ಹಾಗೆ, ನಿಮಗೆ ಬೂಟು ಎಲ್ಲಿ ಕಚ್ಚಿದೆ?